ಹಠಮಾರಿ ಮನೆಯ ಅಗ್ಗಿಷ್ಟಿಕೆ

ಬಸ್ಸು ಊರಂಚಿನ ಯೀ ಎಂಬ ನದಿಯ ಸೇತುವೆ ದಾಟುವ ಹೊತ್ತಿಗೇ ದೆಲ್ಮೀರೋನಿಗೆ ಅದು ಎಲ್ಲಾದರೂ ಕೆಟ್ಟು ನಿಲ್ಲಲಿ ಎನಿಸತೊಡಗಿತ್ತು. ಅಪಘಾತವೇನೂ ಬೇಡ, ಯಾರಿಗೂ ಪೆಟ್ಟಾಗುವುದು ಬೇಡ. ಒಂದು ಬೆಲ್ಟು ಹರಿಯಲಿ, ಮುಂಭಾಗದಿಂದ ಒಂದಿಷ್ಟು ಆವಿ ಏಳಲಿ, ಡ್ರೈವರು ಕೆಳಗಿಳಿದು ತಲೆ ಕೆರೆದುಕೊಂಡು ಇವತ್ತು ಆಗಲ್ಲ ಅನ್ನಲಿ, ಎಲ್ಲರೂ ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿ ತಿಂದು ಸಂಜೆಯೊಳಗೆ ತಮ್ಮೂರು ಸರಂದಿಗೆ ವಾಪಸಾಗಲಿ. ಎಪ್ಪತ್ತನಾಲ್ಕು ವರ್ಷದವನು, ಶಾಲೆಗೆ ಹೋಗಲೊಲ್ಲದ ಹುಡುಗನ ಹಾಗೆ ಇಂಥದ್ದನ್ನೆಲ್ಲ ಬೇಡಿಕೊಳ್ಳುತ್ತಿದ್ದೇನಲ್ಲ ಎಂದು ಅವನಿಗೇ ನಾಚಿಕೆಯಾಯಿತು. ಬೇಡಿಕೊಳ್ಳಲು ದೇವರ ಮೇಲೆ ನಂಬಿಕೆಯೂ ಇರಲಿಲ್ಲ. ಆದ್ದರಿಂದ ಅವನು ನೇರವಾಗಿ ಇಂಜಿನ್ನನ್ನೇ ಬೇಡಿಕೊಳ್ಳುತ್ತಿದ್ದ. ಇಂಜಿನ್ನು ಹೊಸದು. ಒಂದೇ ಸಮನೆ ಗುರುಗುಟ್ಟುತ್ತ ದಕ್ಷಿಣಕ್ಕೆ ಓಡುತ್ತಿತ್ತು.

ನಿವೃತ್ತರ ಸಂಘದ ಮೂವತ್ತೆಂಟು ಮಂದಿ ಬಸ್ಸಿನಲ್ಲಿದ್ದರು. ಮೂರು ದಿನದ ಪ್ರವಾಸ. ಸೆಪ್ಟೆಂಬರ್ ಮೊದಲ ವಾರ, ಭೂಮಿಯ ದಕ್ಷಿಣಾರ್ಧದ ನಮ್ಮಲ್ಲಿ ಚಳಿ ಇನ್ನೂ ಬಿಟ್ಟಿರಲಿಲ್ಲ. ಸಮುದ್ರ ನೋಡಲು ಯಾರೂ ಹೋಗದ ಕಾಲದಲ್ಲಿ ನಿವೃತ್ತರನ್ನು ಕರೆದುಕೊಂಡು ಹೋಗುತ್ತಾರೆ, ಅದೇ ವಾಡಿಕೆ. ಸಂಘದ ಕಾರ್ಯದರ್ಶಿ ಸುಲ್ಮಾ, ಮೂವತ್ತು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಗಟ್ಟಿ ದನಿ ಬೆಳೆಸಿಕೊಂಡವಳು, ಬೇಕಿಲ್ಲದಿದ್ದರೂ ಮೈಕು ಹಿಡಿದಿದ್ದಳು.

"ಕೇಳ್ರಪ್ಪಾ, ಕೇಳ್ರಮ್ಮಾ! ಇವತ್ತು ಮಾಂಟೆವಿಡಿಯೊ. ನಾಳೆ ಕಡಲತೀರದ ಪುಂತಾ. ಅಲ್ಲಿ ಮೊದಲು ಮರಳಲ್ಲಿರೋ ಸಿಮೆಂಟಿನ ಬೆರಳುಗಳು, ಆಮೇಲೆ ನಮ್ಮ ಮೇಸ್ತ್ರಿ ದೆಲ್ಮೀರೋ ಕಟ್ಟಿದ ಅಗ್ಗಿಷ್ಟಿಕೆ. ಫೋಟೋ ತೆಗೆಯೋರು ಬ್ಯಾಟರಿ ಉಳಿಸ್ಕೊಳ್ಳಿ."

"ಅಗ್ಗಿಷ್ಟಿಕೆ ಮೊದಲು ಇಟ್ಕೋ ಸುಲ್ಮಾ," ಎಂದ ಕಟುಕ ಪಿಂತೋಸ್ ಹಿಂದಿನ ಸೀಟಿನಿಂದ. ಅವನು ಥರ್ಮಾಸನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸೋರೆಬುರುಡೆಗೆ ಬಿಸಿನೀರು ಬಗ್ಗಿಸಿ ಮಾಟೇ ಸೊಪ್ಪಿನ ಕಷಾಯವನ್ನು ಸರದಿಯಂತೆ ಹಂಚುತ್ತಿದ್ದ. ಬುರುಡೆ ಒಂದೇ, ಹೀರುವ ಕೊಳವೆಯೂ ಒಂದೇ. "ಬೆರಳೇನು ಎಲ್ಲೂ ಓಡಿಹೋಗಲ್ಲ."

"ಅಗ್ಗಿಷ್ಟಿಕೆ ಓಡಿಹೋಗುತ್ತೇನೋ?"

"ಅದು ಹೋಗಲ್ಲ. ಮೇಸ್ತ್ರಿ ಮುಖ ನೋಡಿದ್ರೆ ಇವರೇ ಓಡಿಹೋಗೋ ಹಾಗೆ ಕಾಣ್ತಾರೆ."

ಬಸ್ಸು ನಕ್ಕಿತು. ದೆಲ್ಮೀರೋ ಕೂಡ ನಕ್ಕ. ಅವನ ಪಕ್ಕದಲ್ಲಿ ಕಿಟಕಿಯ ಕಡೆ ಕೂತಿದ್ದ ಹೆಂಡತಿ ನೀದಿಯಾ ನಗಲಿಲ್ಲ. ಅವಳು ಹೊಸ ಕಂದು ಕೋಟು ತೊಟ್ಟಿದ್ದಳು, ಅದು ಸುಕ್ಕಾಗದ ಹಾಗೆ ನೆಟ್ಟಗೆ ಕೂತಿದ್ದಳು. ಹೊರಡುವ ಮುನ್ನ ಅಡುಗೆಮನೆಯಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ನಂಗೆ ಬೆರಳು ಗಿರಳು ಬೇಡ ಮುದುಕಾ. ಆ ಅಗ್ಗಿಷ್ಟಿಕೆ ಒಂದು ನೋಡಿಬಿಟ್ರೆ ಸಾಕು," ಎಂದಿದ್ದಳು. ನಲವತ್ತೆರಡು ವರ್ಷದ ಸಂಸಾರದಲ್ಲಿ ಅವಳು ಇಂಥದ್ದು ಬೇಕು ಅಂದದ್ದು ಕಡಿಮೆ. ಅಂದಾಗಲೂ ಹೀಗೆಯೇ, ಬೇರೆ ಯಾವುದೋ ಕೆಲಸದ ನಡುವೆ, ಅವನ ಮುಖ ನೋಡದೆ.

ಸುಳ್ಳು ಅಂತ ಅವನು ಹೇಳಿದ್ದೇ ಇಲ್ಲ. ನಲವತ್ತಾರು ವರ್ಷಗಳಿಂದ ಈ ಮಾತನ್ನು ಅವನು ತನಗೇ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ ಅದು ಸವೆದು ನುಣ್ಣಗಾಗಿಬಿಟ್ಟಿತ್ತು. ಪುಂತಾದಲ್ಲಿ ಬ್ಯೂನಸ್ ಐರಿಸ್‌ನ ಲುಸಾರ್ದೋ ಎಂಬ ಸಾಹುಕಾರ ಪೈನ್ ಮರಗಳ ನಡುವೆ ಮನೆ ಕಟ್ಟಿಸುತ್ತಿದ್ದ. ಅಲ್ಲಿ ಗಾರೆಕೆಲಸಕ್ಕೆ ಹೋದ ಇಪ್ಪತ್ತೆಂಟರ ದೆಲ್ಮೀರೋ, ಅಗ್ಗಿಷ್ಟಿಕೆ ಕಟ್ಟುವ ಮೇಸ್ತ್ರಿ ಕೈಕೊಟ್ಟ ದಿನ, ನಾನು ಕಟ್ಟುತ್ತೇನೆ ಎಂದ. ಅದೂ ಸುಳ್ಳಲ್ಲ, ಕಟ್ಟುತ್ತೇನೆ ಎಂದನೇ ಹೊರತು ಬರುತ್ತದೆ ಎನ್ನಲಿಲ್ಲ. ಮುಂಭಾಗಕ್ಕೆ ನಮ್ಮ ಯೀ ನದಿಯ ಒಂದು ಉದ್ದನೆಯ ಕಲ್ಲು ತರಿಸಿದ, ಬೂದಿಬಣ್ಣ, ನಡುವೆ ಕೆಂಪು ಗೆರೆ, ಹಸುವಿನ ಬೆನ್ನಿನಂತೆ ಚೂರು ಬಾಗಿದ್ದು. ನೋಡಿದವರೆಲ್ಲ ಕಲ್ಲನ್ನು ಹೊಗಳಿದರು. ಏಪ್ರಿಲ್‌ನಲ್ಲಿ ಗೃಹಪ್ರವೇಶದ ಊಟ. ಊರಿನ ಕ್ರೈಸ್ತರು ಪವಿತ್ರ ವಾರ ಅನ್ನುವುದನ್ನು ನಮ್ಮ ಸರ್ಕಾರ ಪ್ರವಾಸ ವಾರ ಎಂದು ಕರೆಯುತ್ತದೆ, ಆ ವಾರ. ಬಿಳಿ ನಾರುಬಟ್ಟೆ ತೊಟ್ಟ ಅತಿಥಿಗಳು, ಹೊರಗೆ ತಣ್ಣನೆ ಗಾಳಿ. ಸಾಹುಕಾರ ತಾನೇ ಕಡ್ಡಿ ಗೀರಿದ. ಹೊಗೆ ಮೊದಲು ಯೋಚಿಸುತ್ತಿರುವಂತೆ ಕಲ್ಲಿನ ಕೆಳಗೇ ಸುತ್ತಿತು, ಆಮೇಲೆ ತೀರ್ಮಾನ ಮಾಡಿದಂತೆ ಕೋಣೆಯೊಳಕ್ಕೆ ಬಂತು. ಹೆಂಗಸರು ಮೂಗು ಮುಚ್ಚಿಕೊಂಡು ಕಡಲತೀರಕ್ಕೆ ಓಡಿದರು. ಸಾಹುಕಾರ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕಣ್ಣೊರೆಸಿಕೊಳ್ಳುತ್ತ ತುಂಬ ಮೃದುವಾಗಿ, "ನೀನು ಹಿಂದಿನ ಬಾಗಿಲಿಂದ ಹೋಗಪ್ಪಾ," ಎಂದ. ಅವನ ಹೆಂಡತಿ ಅಡುಗೆಮನೆಯಲ್ಲಿ ಒಂದು ಡಬ್ಬಿ ತುಂಬ ಕೆನೆತುಂಬಿದ ಕಜ್ಜಾಯ ಹಾಕಿಕೊಟ್ಟಳು, ದಾರಿಗೆ ಇರಲಿ ಅಂತ. ದೆಲ್ಮೀರೋನಿಗೆ ಹಸಿವಾಗಿತ್ತು. ಅವಮಾನಕ್ಕೆ ಹಸಿವನ್ನು ಮುಚ್ಚುವ ಶಕ್ತಿ ಇಲ್ಲ ಎಂಬುದು ಅವನಿಗೆ ಊರಿಗೆ ಮರಳುವ ಬಸ್ಸಿನಲ್ಲಿ ತಿಳಿಯಿತು. ಆರು ಕಜ್ಜಾಯದಲ್ಲಿ ನಾಲ್ಕನ್ನು ತಿಂದ. ಉಳಿದ ಎರಡನ್ನು ಸರಂದಿಯ ಕ್ಲಬ್ಬಿನಲ್ಲಿ, ಮರದ ಚೆಂಡು ಉರುಳಿಸುತ್ತಿದ್ದವರ ಮುಂದೆ ಇಟ್ಟು, "ಲುಸಾರ್ದೋ ಹೆಂಡ್ತಿ ಕೈಯಾರೆ ಕೊಟ್ಲು," ಎಂದ. ಅಷ್ಟೇ. ಉಳಿದ ಕಥೆಯನ್ನೆಲ್ಲ ಊರೇ ಕಟ್ಟಿತು.

ಪುಂತಾದ ಸಾಹುಕಾರರಿಗೆ ಕಟ್ಟಿಕೊಟ್ಟವನು! ಮೊದಲು ಕಟುಕ ಪಿಂತೋಸ್ ಕಟ್ಟಿಸಿದ, ಆಮೇಲೆ ನೋಟರಿ, ಆಮೇಲೆ ಸುಲ್ಮಾ. ಮೂವತ್ತೊಂದು ಅಗ್ಗಿಷ್ಟಿಕೆ. ಕೆಲವು ಸ್ವಲ್ಪ ಹೊಗೆ ಬಿಡುತ್ತಿದ್ದವು, ಕೆಲವು ಬಹಳ. ಆದರೆ ಪುಂತಾದ ಮೇಸ್ತ್ರಿಯ ಕೈಯಲ್ಲಿ ತಪ್ಪಿರಲು ಸಾಧ್ಯವಿಲ್ಲ, ಆದ್ದರಿಂದ ತಪ್ಪನ್ನು ಬೇರೆ ಕಡೆ ಹುಡುಕಿದರು. ಪಿಂತೋಸ್ ನೀಲಗಿರಿ ಸೌದೆಯನ್ನು ಬೈದ. ನೋಟರಿ ದಕ್ಷಿಣದ ಗಾಳಿಯನ್ನು ಬೈದ, ಅವನು ಸತ್ತ ಮೇಲೆ ಅವನ ವಿಧವೆ ಅದೇ ಗಾಳಿಯನ್ನು ಅದೇ ಮಾತಿನಲ್ಲಿ ಬೈದಳು. ಬೆಂಕಿ ಹಚ್ಚುವ ಮೊದಲು ಕಿಟಕಿಯನ್ನು ಎರಡು ಬೆರಳು ತೆರೆದಿಡಬೇಕೆಂದು ಸುಲ್ಮಾ ಕಂಡುಹಿಡಿದಳು, ಒಳ್ಳೆಯ ಅಗ್ಗಿಷ್ಟಿಕೆಗೆ ಉಸಿರಾಟ ಬೇಕು, ಅಗ್ಗದವಕ್ಕೆ ಬೇಡ. ಮುಂದೆ ಅದು ಊರಿನ ಮರ್ಯಾದೆಯೇ ಆಯಿತು. ಜುಲೈ ತಿಂಗಳ ಕೊರೆಯುವ ಚಳಿಯಲ್ಲಿ ಕಿಟಕಿ ತೆರೆದು, ಬೆಂಕಿಯ ಮುಂದೆ ಕೋಟು ಹಾಕಿಕೊಂಡು ಕೂತು, ಕಣ್ಣೊರೆಸಿಕೊಳ್ಳುತ್ತ ಸರಂದಿಯವರು ಅತಿಥಿ ಸತ್ಕಾರ ಮಾಡಿದರು. ಹೊಸದಾಗಿ ಬಂದ ಒಬ್ಬ ಶಿಕ್ಷಕಿ ಯಾಕೆ ಹೀಗೆ ಎಂದು ಕೇಳಿ ಎಲ್ಲರ ಕಣ್ಣಿನಲ್ಲಿ ಸಣ್ಣವಳಾದಳು. ಪಕ್ಕದ ಊರಿನವರು ನಮ್ಮನ್ನು ಕೆಂಪು ಕಣ್ಣಿನಿಂದಲೇ ಗುರುತಿಸುತ್ತಿದ್ದರು, ದುಃಖಿಗಳೋ ಕುಡುಕರೋ ಎಂದುಕೊಳ್ಳುತ್ತಿದ್ದರು.

ಎಲ್ಲಕ್ಕಿಂತ ಕೆಟ್ಟದು ದೆಲ್ಮೀರೋನ ಸ್ವಂತ ಮನೆಯದು. ಮದುವೆಯಾದ ವರ್ಷ ಕಟ್ಟಿದ್ದು. ನೀದಿಯಾ ಅದರ ಬಗ್ಗೆ ಒಂದು ಮಾತೂ ಆಡಿದವಳಲ್ಲ. ಚಳಿಗಾಲ ಬಂತೆಂದರೆ ಅವಳ ಏಪ್ರನ್ನಿನ ಜೇಬಿನಲ್ಲಿ ಎರಡು ಕರವಸ್ತ್ರ ಸೇರಿಕೊಳ್ಳುತ್ತಿದ್ದವು, ಅಷ್ಟೇ.

ಮಾಂಟೆವಿಡಿಯೊದಲ್ಲಿ ಎಲ್ಲರೂ ಕಡಲದಂಡೆಯ ರಸ್ತೆಯಲ್ಲಿ ಸಾಲಾಗಿ ನಡೆದರು. ಅದು ಕಡಲಲ್ಲ, ನದಿ, ಆದರೂ ಅಲ್ಲಿಯವರು ಕಡಲು ಅನ್ನುತ್ತಾರೆ. ತಂಗಿದ ಹೋಟೆಲಿನ ಮುಂಗೋಣೆಯಲ್ಲಿ ಒಂದು ಅಗ್ಗಿಷ್ಟಿಕೆ ಉರಿಯುತ್ತಿತ್ತು. ಹೊಗೆಯ ಸುಳಿವೂ ಇಲ್ಲ. ಸರಂದಿಯವರು ಪೆಟ್ಟಿಗೆಗಳನ್ನು ನೆಲಕ್ಕಿಟ್ಟು ಅದರ ಸುತ್ತ ನಿಂತು ದೆಲ್ಮೀರೋನಿಗೆ ದಾರಿ ಬಿಟ್ಟರು, ಕಾಯಿಲೆಯವನ ಹಾಸಿಗೆಯ ಬಳಿ ಡಾಕ್ಟರಿಗೆ ಬಿಡುವಂತೆ. ಅವನು ಬಗ್ಗಿ ನೋಡಿದ. ಸೌದೆಗಳು ಸಿಮೆಂಟಿನವು, ಬೆಂಕಿ ಕೊಳವೆಯಿಂದ ಬರುತ್ತಿತ್ತು.

"ಗ್ಯಾಸು," ಎಂದ.

"ನೋಡಿದ್ಯಾ," ಎಂದಳು ಸುಲ್ಮಾ ನೋಟರಿಯ ವಿಧವೆಗೆ, "ಒಂದೇ ನೋಟಕ್ಕೆ."

ಒಂದು ಮಗುವೂ ಹೇಳಬಹುದಾದ ಮಾತಿಗೆ ಬಂದ ಈ ಗೌರವ ಅವನ ಬೆನ್ನ ಮೇಲೆ ತಣ್ಣನೆ ಕೈ ಇಟ್ಟಂತಾಯಿತು. ಎಲ್ಲರೂ ಕೋಣೆಗಳಿಗೆ ಹೋದ ಮೇಲೆ ಅವನು ಬಾಗಿಲು ಕಾಯುವವನ ಹತ್ತಿರ ನಿಂತು ಹವಾಮಾನದ ಮಾತೆತ್ತಿದ. ಸುತ್ತಿ ಬಳಸಿ ಪುಂತಾಕ್ಕೆ ಬಂದ.

"ಅಲ್ಲಿ ಹಳೇ ಮನೆಗಳು ಇನ್ನೂ ಇದಾವೇನಪ್ಪಾ? ಪೈನ್ ತೋಪಿನ ಕಡೆಯವು?"

"ಎಲ್ಲಿ ತಾತಾ! ಎಲ್ಲಾ ಕೆಡವಿ ಹಾಕಿದ್ರು. ಈಗ ಬರೀ ಮೂವತ್ತು ಅಂತಸ್ತಿನವು. ನಮ್ಮಣ್ಣ ಅಲ್ಲೇ ಕೆಡವೋ ಕೆಲಸದಲ್ಲಿದ್ದ."

"ಎಲ್ಲಾನೂವಾ?"

"ಬೇಜಾರಾಯ್ತಾ?"

"ತುಂಬಾ," ಎಂದ ದೆಲ್ಮೀರೋ, ಮತ್ತು ಆ ಮಧ್ಯಾಹ್ನ ಮಾಂಸ, ಮೊಟ್ಟೆ, ಚೀಸು ತುಂಬಿದ ಚಿವೀತೋ ಬ್ರೆಡ್ಡನ್ನು ಪೂರ್ತಿ ತಿಂದ, ನೀದಿಯಾ ಬಿಟ್ಟದ್ದನ್ನೂ ತಿಂದ. ವೈನು ಹಾಕಿಸಿಕೊಂಡ. ಪಿಂತೋಸನ ಜೋಕಿಗೆ ಮೇಜು ಕುಟ್ಟಿ ನಕ್ಕ. ಅವನ ಮನಸ್ಸಿನಲ್ಲಿ ಒಂದು ದೊಡ್ಡ ಕಬ್ಬಿಣದ ಗುಂಡು ಆ ಮನೆಯ ಗೋಡೆಗೆ ಮತ್ತೆ ಮತ್ತೆ ಬಡಿಯುತ್ತಿತ್ತು, ಚಿಮಣಿ ಕುಸಿದು ಧೂಳೇಳುತ್ತಿತ್ತು, ಧೂಳಿನೊಳಗಿಂದ ಬಿಳಿ ಬಟ್ಟೆಯವರು ಕೆಮ್ಮುತ್ತ ಓಡುತ್ತಿದ್ದರು, ನಾಳೆ ತಾನು ಬರಿದಾದ ಜಾಗದಲ್ಲಿ ಟೋಪಿ ತೆಗೆದು ನಿಲ್ಲುತ್ತಿದ್ದ. ಊರಿಡೀ ಸುತ್ತ ನಿಂತು ಮರುಗುತ್ತಿತ್ತು. ಎಂಥ ಕೆಲಸ, ಎಂಥ ಕೈ, ದುಡ್ಡಿನವರಿಗೆ ಏನು ಗೊತ್ತು. ಕಟ್ಟಿದ್ದಕ್ಕಿಂತ ಕೆಡವಿದ್ದು ಎಷ್ಟು ಭದ್ರ! ಅವನು ಹಲ್ಲುಕಡ್ಡಿ ಕಚ್ಚಿಕೊಂಡು ಎದುರಿಗೆ ನೋಡಿದರೆ ನೀದಿಯಾ ಅವನನ್ನೇ ನೋಡುತ್ತಿದ್ದಳು. "ಏನು ಮುದುಕಾ, ಇವತ್ತು ಇಷ್ಟು ಖುಷಿ?" ಎಂದಳು. ಅವಳಿಗೂ ಖುಷಿಯಾದಂತಿತ್ತು. ಗಂಡನಿಗೂ ಆ ಮನೆಯನ್ನು ತನಗೆ ತೋರಿಸುವ ಆಸೆಯಿದೆ ಎಂದುಕೊಂಡಿರಬೇಕು. ಅವನು ಹಲ್ಲುಕಡ್ಡಿಯನ್ನು ಮುರಿದು ತಟ್ಟೆಯ ಅಂಚಿನಲ್ಲಿಟ್ಟ.

ಮರುದಿನ ಬೆಳಿಗ್ಗೆ ಪುಂತಾ. ಬಾಗಿಲು ಕಾಯುವವನು ಹೇಳಿದ್ದು ಅರ್ಧ ನಿಜ. ಕಡಲಿಗೆ ಎದುರಾಗಿ ಗಾಜಿನ ಗೋಪುರಗಳು, ಒಂದರಲ್ಲೂ ಜನರಿಲ್ಲ, ಸಾವಿರ ಕಿಟಕಿಗಳ ತೆರೆ ಇಳಿದಿತ್ತು. ಬೇಸಿಗೆಯ ಎರಡು ತಿಂಗಳು ಬದುಕಿ ಉಳಿದ ಹತ್ತು ತಿಂಗಳು ಕಣ್ಣು ಮುಚ್ಚಿಕೊಂಡಿರುವ ಊರು ಅದು. ಮರಳಿನಿಂದ ಎದ್ದ ಸಿಮೆಂಟಿನ ಬೆರಳುಗಳ ಮುಂದೆ ಮೂವತ್ತೆಂಟು ಮಂದಿ ಗಾಳಿಗೆ ಟೋಪಿ ಹಿಡಿದುಕೊಂಡು ಫೋಟೋ ತೆಗೆಸಿಕೊಂಡರು. ಆಮೇಲೆ ಬಸ್ಸು ಒಳರಸ್ತೆಗಳಿಗೆ ತಿರುಗಿತು. ಪುಂತಾದಲ್ಲಿ ಮನೆಗೆ ನಂಬರು ಇರುವುದಿಲ್ಲ, ಹೆಸರಿರುತ್ತದೆ. ಗೋಪುರಗಳ ಹಿಂದೆ ಅಲ್ಲೊಂದು ಇಲ್ಲೊಂದು ಹಳೆಯ ಮನೆ ಉಳಿದಿತ್ತು. ಬಸ್ಸು ಆಮೆಯಂತೆ ತೆವಳಿತು, ಮುದುಕರು ಎರಡೂ ಕಡೆಯ ಕಿಟಕಿಗಳಿಂದ ಹಾಜರಿ ಕರೆಯುವವರಂತೆ ಹೆಸರುಗಳನ್ನು ಕೂಗಿ ಕೂಗಿ ಓದಿದರು.

"ನನ್ನ ವಿಶ್ರಾಂತಿ!"

"ಮೂವರು ಸೋದರಿಯರು!"

"ಕಡಲಹಕ್ಕಿ! ಮೇಸ್ತ್ರಿ, ಕಡಲಹಕ್ಕಿ ಅಲ್ವಾ?"

"ಅಲ್ಲ," ಎಂದ ದೆಲ್ಮೀರೋ. "ಲಾ ಪೊರ್ಫಿಯಾದಾ. ಹಠಮಾರಿ. ಆದ್ರೆ ಅದನ್ನ ಕೆಡವಿದಾರೆ. ನಿನ್ನೆ ಹೋಟೆಲಲ್ಲಿ ಕೇಳ್ದೆ. ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ." ದನಿ ಅವನು ನೆನೆಸಿದ್ದಕ್ಕಿಂತ ಚೆನ್ನಾಗಿ ನಡುಗಿತು. ಬಸ್ಸಿನಲ್ಲಿ ನಿಟ್ಟುಸಿರೆದ್ದಿತು. ನೋಟರಿಯ ವಿಧವೆ ಅವನ ಭುಜ ಮುಟ್ಟಿದಳು. ಸುಲ್ಮಾ ಮೈಕನ್ನು ಬಾಯಿಂದ ದೂರ ಹಿಡಿದಳು, ಅವಳ ಮಟ್ಟಿಗೆ ಅದು ಮೌನಾಚರಣೆ. ನೀದಿಯಾ ಕೈಚೀಲದ ಹಿಡಿಯನ್ನು ಒಮ್ಮೆ ಬಿಗಿಹಿಡಿದು ಬಿಟ್ಟಳು. ಆಗ ಪಿಂತೋಸ್ ಎದ್ದು ನಿಂತು ಡ್ರೈವರಿಗೆ ಕೂಗಿದ:

"ನಿಲ್ಸಪ್ಪಾ, ನಿಲ್ಸು! ಅಲ್ಲಿದೆ ಹಠಮಾರಿ!"

ಎರಡು ಗೋಪುರಗಳ ನಡುವೆ, ಇಬ್ಬರು ಪೈಲ್ವಾನರ ಮಧ್ಯೆ ಕೂತ ಅಜ್ಜಿಯಂತೆ, ಇಳಿಜಾರು ಹಂಚಿನ ಮನೆ. ಗೋಡೆಯ ಮೇಲೆ ಕಬ್ಬಿಣದ ಅಕ್ಷರ. ಮಾರಲು ಒಪ್ಪದೆ ಉಳಿದುಬಿಟ್ಟಿತ್ತು. ಅಂಗಳದಲ್ಲಿ ಒಬ್ಬ ಗಟ್ಟಿಮುಟ್ಟಾದ ಹೆಂಗಸು ಪೈನಿನ ಎಲೆ ಗುಡಿಸುತ್ತಿದ್ದಳು, ಪೊರಕೆ ಒಂದು ಕೈಯಲ್ಲಿ, ಇನ್ನೊಂದು ಕಂಕುಳಲ್ಲಿ ಥರ್ಮಾಸು. ಸುಲ್ಮಾ ಬೇಲಿಯ ಬಳಿ ಹೋಗಿ ಇಡೀ ಕಥೆಯನ್ನು ಮೈಕಿಲ್ಲದೆಯೇ ರಸ್ತೆಯುದ್ದಕ್ಕೂ ಕೇಳುವಂತೆ ಹೇಳಿದಳು. ಹೆಂಗಸಿನ ಹೆಸರು ಒತೀಲಿಯಾ, ಮನೆ ನೋಡಿಕೊಳ್ಳುವವಳು, ಇಪ್ಪತ್ತು ವರ್ಷದಿಂದ ಇಲ್ಲೇ. ಯಜಮಾನರು ಜನವರಿಗೆ ಬರುತ್ತಾರೆ.

"ಯಾರನ್ನೂ ಒಳಗೆ ಬಿಡಬಾರದು ಅಂತ ಹೇಳಿದಾರೆ," ಎಂದಳು. ಆಮೇಲೆ ಕೇಳಿದಳು, "ಎಲ್ಲಿಂದ ಬಂದಿದೀರಿ?"

"ಸರಂದಿ."

"ಅಯ್ಯೋ, ನಂದು ನಿಮ್ಮ ಕಡೆಯ ಸೆರ್ರೋ ಚಾತೋ! ಮೊದಲೇ ಹೇಳೋದಲ್ವಾ. ಬನ್ನಿ, ಬನ್ನಿ, ಕಾಲು ಒರೆಸ್ಕೊಂಡು ಬನ್ನಿ."

ಒಳನಾಡಿನವರು ಕರಾವಳಿಯಲ್ಲಿ ಸಿಕ್ಕರೆ ನೆಂಟರೇ. ಮೂವತ್ತೆಂಟು ಜನ ಕಾಲೊರೆಸಿಕೊಂಡು ಒಳಗೆ ಹೋದರು. ದೆಲ್ಮೀರೋನನ್ನು ಮುಂದೆ ತಳ್ಳಿದರು. ಮುಂಬಾಗಿಲಿನಿಂದ ಅವನು ಆ ಮನೆಗೆ ಹೊಕ್ಕದ್ದು ಅದೇ ಮೊದಲು.

ಕಲ್ಲು ಅಲ್ಲೇ ಇತ್ತು. ಬೂದಿಬಣ್ಣ, ಕೆಂಪು ಗೆರೆ, ಹಸುವಿನ ಬೆನ್ನಿನ ಬಾಗು. ಪಿಂತೋಸ್ ಅದರ ಮೇಲೆ ಅಂಗೈ ಇಟ್ಟು, "ಯೀ ನದಿ ಕಲ್ಲು ಕಣ್ರೋ! ನಮ್ಮನೆಯದೂ ಇದೇ," ಎಂದ, ದನಿ ಒದ್ದೆಯಾಗಿತ್ತು. ಹೆಂಗಸರು ಒಬ್ಬೊಬ್ಬರಾಗಿ ಮುಟ್ಟಿದರು. ಒತೀಲಿಯಾ ತರಗು, ಸೌದೆ ತಂದು ಒಟ್ಟಿದಳು. "ಮೇಸ್ತ್ರಿ ಬಂದಿರುವಾಗ ಹಚ್ಚದೇ ಇರೋಕಾಗುತ್ತಾ," ಎಂದಳು. ಸುಲ್ಮಾ ಅಭ್ಯಾಸಬಲದಿಂದ ಹೋಗಿ ಕಿಟಕಿಯನ್ನು ಎರಡು ಬೆರಳು ತೆರೆದಳು. ಒತೀಲಿಯಾ ಬಂದು ಮುಚ್ಚಿದಳು. "ಚಳಿ ಬರುತ್ತಲ್ಲಮ್ಮಾ!"

"ಉಸಿರಾಡೋಕೆ ಬೇಕಲ್ಲ," ಎಂದಳು ಸುಲ್ಮಾ.

"ಯಾರಿಗೆ?"

ದೆಲ್ಮೀರೋ ಬಾಗಿಲಿನ ಪಕ್ಕಕ್ಕೆ ಸರಿದ. ಹೊಗೆ ಈಗ ಬರುತ್ತದೆ, ಕಲ್ಲಿನ ಕೆಳಗೆ ಸುತ್ತುತ್ತದೆ, ಯೋಚಿಸುತ್ತದೆ. ಬಂದರೆ ಬರಲಿ. ಇವರು ಸೌದೆಯನ್ನೋ ಗಾಳಿಯನ್ನೋ ಸೆರ್ರೋ ಚಾತೋದ ಹೆಂಗಸನ್ನೋ ಬೈಯುತ್ತಾರೆ, ಕಣ್ಣೊರೆಸಿಕೊಂಡು ಬಸ್ಸು ಹತ್ತುತ್ತಾರೆ. ಇಷ್ಟು ದಿನ ಭಯಪಟ್ಟಿದ್ದು ಯಾಕೆಂದು ಅವನಿಗೇ ನಗು ಬಂತು, ಇವರನ್ನು ನಂಬಬಹುದಿತ್ತು. ಕಡ್ಡಿ ಗೀರಿದ ಸದ್ದಾಯಿತು. ತರಗು ಹತ್ತಿತು, ಸೌದೆಯ ತುದಿ ನೀಲಿಯಾಯಿತು, ಹೊಗೆ ಎದ್ದಿತು ಮತ್ತು ಯಾರೋ ಮೇಲಿಂದ ಹೆಸರು ಹಿಡಿದು ಕರೆದಂತೆ ನೆಟ್ಟಗೆ ಮೇಲಕ್ಕೆ ಹೋಯಿತು. ಒಂದು ಎಳೆಯೂ ಹೊರಬರಲಿಲ್ಲ. ಬೆಂಕಿ ಗುಂಯ್ ಎಂದು ಹಾಡತೊಡಗಿತು. ಕೋಣೆ ಬೆಚ್ಚಗಾಯಿತು.

ಅವನು ಬಗ್ಗಿ ನೋಡಿದ. ಕಲ್ಲು ತನ್ನದು. ಒಳಗಿನದು ತನ್ನದಲ್ಲ. ಹಿಂಗೋಡೆ ನೆಟ್ಟಗಿರದೆ ಮುಂದಕ್ಕೆ ಬಾಗಿ ಏರಿತ್ತು, ಎರಡೂ ಪಕ್ಕದ ಕೆನ್ನೆಗೋಡೆಗಳು ಓರೆಯಾಗಿದ್ದವು, ಇಟ್ಟಿಗೆ ಬೇರೆ, ಸಂದಿಗಳು ಬೇರೆ. ಯಾವನೋ ಬಂದು, ತಾನು ಹಿಂಬಾಗಿಲಿನಿಂದ ಹೋದ ಮೇಲೆ, ಮುಖವನ್ನು ಹಾಗೇ ಬಿಟ್ಟು ಒಳಗನ್ನೆಲ್ಲ ಕಿತ್ತು ಕಟ್ಟಿದ್ದ.

"ಇಪ್ಪತ್ತು ವರ್ಷದಲ್ಲಿ ಒಂದಿನ ಹೊಗೆ ಬಿಟ್ಟಿದ್ದಿಲ್ಲ," ಎಂದಳು ಒತೀಲಿಯಾ. "ನಿಮ್ಮ ಕೈಗೆ ಬಂಗಾರದ ಬಳೆ ಹಾಕ್ಬೇಕು ಮೇಸ್ತ್ರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸರಂದಿಯವರು ಬೆಂಕಿಯನ್ನು ನೋಡುತ್ತಿದ್ದರು. ಕಿಟಕಿ ಮುಚ್ಚಿತ್ತು. ಕೆಲವರು ನಿಧಾನವಾಗಿ ಕೋಟಿನ ಗುಂಡಿ ಬಿಚ್ಚುತ್ತಿದ್ದರು, ಬಿಚ್ಚುತ್ತಿದ್ದೇವೆಂದು ಅವರಿಗೇ ತಿಳಿದಂತಿರಲಿಲ್ಲ. ಮೊದಲು ಮಾತಾಡಿದವನು ಪಿಂತೋಸ್.

"ನೀಲಗಿರಿ ಸೌದೆ," ಎಂದ. "ಅದೂ ಹಸೀದು."

"ದಕ್ಷಿಣದ ಗಾಳಿಯೇ ಇವತ್ತು," ಎಂದಳು ನೋಟರಿಯ ವಿಧವೆ, ಸಣ್ಣ ದನಿಯಲ್ಲಿ.

ಸುಲ್ಮಾ ದೆಲ್ಮೀರೋನ ಕಡೆ ತಿರುಗಿದಳು. "ಅಂದ್ರೆ ಮೇಸ್ತ್ರಿ, ಸಾಹುಕಾರರಿಗೆ ಹೀಗೆ. ನಮಗೆ ಹಾಗೆ."

"ನನ್ನ ಮಗಳಿಗೆ ದಮ್ಮು ಹಿಡೀತು," ಎಂದ ಪಿಂತೋಸ್. "ಹನ್ನೊಂದು ಚಳಿಗಾಲ. ಸೌದೆ ಸರಿಯಿಲ್ಲ ಅಂತ ಸೌದೆ ಮಾರೋನ ಹತ್ರ ಜಗಳ ಆಡಿ ಮಾತು ಬಿಟ್ಟೆ. ನೀನು ಕ್ಲಬ್ಬಲ್ಲಿ ಪಕ್ಕದಲ್ಲೇ ಕೂತಿರ್ತಿದ್ದೆ."

ಈಗ ದೆಲ್ಮೀರೋನ ಮುಂದೆ ಎರಡು ಬಾಗಿಲಿದ್ದವು. ಹೌದು, ನಾನೇ ಕಟ್ಟಿದೆ, ಬರುತ್ತಿತ್ತು, ನಿಮಗೆ ಕಟ್ಟಿಕೊಡಲಿಲ್ಲ ಎನ್ನಬಹುದು. ಆಗ ಅವನು ದುಷ್ಟ, ಆದರೆ ಮೇಸ್ತ್ರಿ. ಕಟ್ಟಿಲ್ಲ, ಬರುವುದಿಲ್ಲ ಎನ್ನಬಹುದು. ಆಗ ಅವನು ಏನೂ ಅಲ್ಲ. ವಿಚಿತ್ರವೆಂದರೆ ದುಷ್ಟನಾಗುವುದು ಅವನಿಗೆ ಅಷ್ಟೇನೂ ಕಷ್ಟವೆನಿಸಲಿಲ್ಲ. ಕೈಯಲ್ಲಿ ವಿದ್ಯೆ ಇದ್ದೂ ಬಚ್ಚಿಟ್ಟವನಿಗೆ ಒಂದು ಬಗೆಯ ಘನತೆ ಇದೆ. ಜನ ಬೈಯುತ್ತಲೇ ಹಿಂದೆ ಬರುತ್ತಾರೆ. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದೊಂದೇ ಅವನಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ. ಕಜ್ಜಾಯದ ಡಬ್ಬಿ ಮೇಜಿನ ಮೇಲಿಟ್ಟು ಸುಮ್ಮನಿದ್ದ ಹಾಗೆ.

ನೀದಿಯಾ ಬೆಂಕಿಯ ಮುಂದೆ ಕೂತಿದ್ದಳು. ಕೋಟು ಸುಕ್ಕಾಗುವುದನ್ನು ಲೆಕ್ಕಿಸದೆ ನೆಲದ ಮೇಲೆಯೇ ಕೂತು ಎರಡೂ ಕೈ ಚಾಚಿದ್ದಳು. ಅವಳ ಕಣ್ಣು ಒಣಗಿದ್ದವು. ಬೆಂಕಿಯ ಬೆಳಕಿನಲ್ಲಿ ಒಣಗಿದ ಕಣ್ಣಿನ ಅವಳನ್ನು ಅವನು ನೋಡಿದ್ದೇ ಇರಲಿಲ್ಲ. ಅವು ತಿಳಿಗಂದು ಬಣ್ಣದವು. ಅವಳು ತಿರುಗದೆ, ಕೋಟಿನ ಗುಂಡಿ ಹಾಕಿಕೊಳ್ಳುವಾಗಿನ ಅದೇ ದನಿಯಲ್ಲಿ ಕೇಳಿದಳು:

"ನಂಗೂ ಒಂದು ಇಂಥದ್ದು ಕಟ್ಟಿಕೊಡಬೇಕು ಅಂತ ಅನ್ನಿಸಲೇ ಇಲ್ವಾ ನಿಂಗೆ?"

"ನಂಗೆ ಬರಲ್ಲ," ಎಂದ ದೆಲ್ಮೀರೋ.

ಬಾಯಿಂದ ಬಿದ್ದುಹೋಗಿತ್ತು. ಇನ್ನು ಎತ್ತಿಕೊಳ್ಳಲು ಆಗುತ್ತಿರಲಿಲ್ಲ. "ಇದು ನಾನು ಕಟ್ಟಿದ್ದಲ್ಲ. ಕಲ್ಲು ನಂದು, ಒಳಗಿಂದು ಯಾರದೋ. ನಾನು ಕಟ್ಟಿದ್ದು ಮೊದಲನೇ ದಿನವೇ ಹೊಗೆ ಬಿಡ್ತು. ಹಿಂಬಾಗಿಲಿಂದ ಕಳಿಸಿದ್ರು. ನಂಗೆ ಅಗ್ಗಿಷ್ಟಿಕೆ ಕಟ್ಟೋಕೆ ಬರಲ್ಲ. ಯಾವತ್ತೂ ಬರ್ತಿರ್ಲಿಲ್ಲ."

ಪಿಂತೋಸ್ ನಕ್ಕ, ಕಹಿಯಾಗಿ.

"ಚೆನ್ನಾಗಿದೆ ಮಾರಾಯ. ನಮಗೆ ಹೊಗೆ ಕೊಟ್ಟಿದ್ದು ಸಾಲ್ದು ಅಂತ ಈಗ ಸುಳ್ಳು ಬೇರೆ."

"ನಿಜ ಹೇಳ್ತಿದೀನಿ ಕಣೋ."

"ಯೀ ನದಿ ಕಲ್ಲು ಕಣ್ಣೆದುರಿಗಿದೆ!" ಎಂದಳು ಸುಲ್ಮಾ. "ಏನಂದ್ಕೊಂಡಿದೀರಿ ನಮ್ಮನ್ನ? ನಲವತ್ತು ವರ್ಷ ಏನೂ ಬರದವನ ಕೈಲಿ ಕಟ್ಟಿಸ್ಕೊಂಡು, ಕಿಟಕಿ ತೆಗೆದುಕೊಂಡು ಕೂತಿದ್ವಾ ನಾವು? ಅಷ್ಟು ದಡ್ಡರಾ?"

ಅವರು ಮೋಸಹೋಗಲು ಸಿದ್ಧರಿದ್ದರು, ಮೋಸಹೋಗುವುದರಲ್ಲಿ ಅವಮಾನವಿದ್ದರೂ ಅದು ಬೇರೆಯವರ ತಪ್ಪು. ಏನೂ ಬರದವನನ್ನು ತಾವೇ ಮೇಸ್ತ್ರಿ ಮಾಡಿಕೊಂಡೆವು ಎಂಬುದನ್ನು ಮಾತ್ರ ಅವರು ಒಪ್ಪಲಾರರು. ಒಬ್ಬೊಬ್ಬರಾಗಿ ಕೋಟಿನ ಗುಂಡಿ ಹಾಕಿಕೊಂಡು ಹೊರನಡೆದರು. ಹೋಗುತ್ತ ಹೋಗುತ್ತ ನೋಟರಿಯ ವಿಧವೆ, "ಕಟ್ಟೋಕೆ ಬಂದೇ ಬರುತ್ತೆ ಇವನಿಗೆ. ಕಲ್ಲು ನೋಡಿದ್ರೇ ಗೊತ್ತಾಗುತ್ತೆ," ಎಂದದ್ದು ಕೇಳಿಸಿತು. ಬಾಗಿಲ ಬಳಿ ಅವರು ಮತ್ತೊಮ್ಮೆ ಕಾಲೊರೆಸಿಕೊಂಡರು.

ನೀದಿಯಾ ಎದ್ದಿರಲಿಲ್ಲ.

"ನಿಜವಾಗ್ಲೂ ಬರಲ್ವಾ?" ಎಂದಳು.

"ಇಲ್ಲ."

"ನಮ್ಮನೆದು ಕಟ್ಟುವಾಗಲೂ?"

"ಅದನ್ನೇ ಎಲ್ಲಕ್ಕಿಂತ ಕಷ್ಟಪಟ್ಟು ಕಟ್ಟಿದ್ದು. ಎರಡು ಸಲ ಕಿತ್ತು ಕಟ್ಟಿದೆ. ಸರಿಹೋಗ್ಲೇ ಇಲ್ಲ."

ಅವಳು ಅವನನ್ನು ನೋಡಿದಳು, ತುಂಬ ಹೊತ್ತು, ಅಂಗಡಿಯಲ್ಲಿ ಬಟ್ಟೆಯ ಒಳಮೈ ತಿರುಗಿಸಿ ನೋಡುವಂತೆ. ಆಮೇಲೆ ಅವಳ ಭುಜ ಕುಲುಕಿತು. ಅಳುತ್ತಿದ್ದಾಳೆಂದು ಅವನು ಹತ್ತಿರ ಹೋದರೆ ಅವಳು ನಗುತ್ತಿದ್ದಳು. "ನಾನು ಏನಂದ್ಕೊಂಡಿದ್ದೆ ಗೊತ್ತಾ," ಎಂದಳು, ಉಸಿರು ಸಿಕ್ಕಿದ ಮೇಲೆ. "ಇವನು ಮನಸ್ಸು ಅಲ್ಲೇ ಪುಂತಾದಲ್ಲಿ ಬಿಟ್ಟುಬಂದಿದಾನೆ, ನನಗೆ ಉಳಿದಿದ್ದು ಕೊಟ್ಟ ಅಂತ. ನಲವತ್ತೆರಡು ವರ್ಷ. ಬರಲ್ವಂತೆ! ಬರಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲೋ ಕತ್ತೇ."

"ನಾಚಿಕೆ ಆಯ್ತು."

"ಈಗ?"

"ಈಗಲೂ."

ಹೊರಗೆ ಬಸ್ಸು ಹಾರನ್ ಹೊಡೆಯಿತು. ಅವಳು ಅವನ ತೋಳು ಹಿಡಿದು ಎದ್ದು ಒತೀಲಿಯಾಳ ಕಡೆ ತಿರುಗಿದಳು. "ಅಮ್ಮಾ, ಈ ಬೆಂಕಿ ಸ್ವಲ್ಪ ಆರಿಸ್ತೀಯಾ? ನಮ್ಮನೆಯೋರು ಒಳಗೆ ನೋಡ್ಬೇಕು."

ಒತೀಲಿಯಾ ಇಬ್ಬರನ್ನೂ ಒಮ್ಮೆ ನೋಡಿ, ಒಂದು ಮಾತೂ ಕೇಳದೆ, ಉರಿಯುತ್ತಿದ್ದ ಸೌದೆಗಳನ್ನು ತಗಡಿನ ಬಾನಿಗೆ ಎತ್ತಿ ಹಾಕಿದಳು, ಬೂದಿಯನ್ನು ಒಂದು ಕಡೆ ಎಳೆದು ಗೋಣಿಚೀಲ ಹಾಸಿದಳು. ದೆಲ್ಮೀರೋ ಟೋಪಿ ತೆಗೆದ, ಕೋಟು ತೆಗೆದ, ಬೂಟು ಕಳಚಿದ, ಮೊಣಕಾಲೂರಿ, ಆಮೇಲೆ ಅಂಗಾತ ಮಲಗಿ ತಲೆಯನ್ನು ಅಗ್ಗಿಷ್ಟಿಕೆಯೊಳಗೆ ತೂರಿಸಿದ. ಇಟ್ಟಿಗೆ ಇನ್ನೂ ಸುಡುತ್ತಿತ್ತು. ಮೇಲೆ, ಕತ್ತಲಿನ ಗಂಟಲಿನ ತುದಿಯಲ್ಲಿ, ಒಂದು ಚೂರು ಆಕಾಶ. ಹೊಗೆ ಏರುವ ಆ ಗಂಟಲು ಅವನು ಕಟ್ಟುತ್ತಿದ್ದುದಕ್ಕಿಂತ ಕಿರಿದು, ಎಷ್ಟೋ ಕಿರಿದು. ಅಗಲ ಮಾಡಿದಷ್ಟೂ ಹೊಗೆ ಹೋಗುತ್ತದೆ ಎಂದು ಅವನು ಮೂವತ್ತೊಂದು ಸಲ ಅಗಲ ಮಾಡಿದ್ದ. ಅದರ ಹಿಂದೆ ಒಂದು ಸಣ್ಣ ಜಗಲಿ ಇತ್ತು. ಅದು ಯಾಕಿದೆ ಎಂದು ಕೈಯಿಟ್ಟು ತಡವಿದ ಕೂಡಲೇ ಅವನಿಗೆ ತಿಳಿಯಿತು, ಮೇಲಿಂದ ಬೀಳುವ ಗಾಳಿ ಅಲ್ಲಿ ಕೂತು ತಿರುಗುತ್ತದೆ, ಇಷ್ಟೇ, ಇಷ್ಟೇ ಇದ್ದದ್ದು. ಕಣ್ಣಿಗೆ ಮಸಿ ಬಿತ್ತು.

"ಗಂಟಲು, ನಾಲ್ಕು ಬೆರಳು!" ಎಂದು ಒಳಗಿಂದ ಕೂಗಿದ.

"ನಾಲ್ಕು ಬೆರಳು," ಎಂದು ನೀದಿಯಾ ಕೈಚೀಲದಲ್ಲಿದ್ದ ಹೋಟೆಲಿನ ಕಾಗದದ ಮೇಲೆ ಬರೆದುಕೊಂಡಳು.

"ಹಿಂಗೋಡೆ ಮೊಣಕಾಲೆತ್ತರದಿಂದ ಬಾಗುತ್ತೆ!"

"ಯಾರ ಮೊಣಕಾಲು? ನಿಂದಾ, ನಂದಾ?"

ಮತ್ತೆ ಹಾರನ್. ಸುಲ್ಮಾ ಕರೆಯಲು ಬಂದವಳು ಬಾಗಿಲಲ್ಲೇ ನಿಂತಳು. ಅವಳಿಗೆ ಕಂಡದ್ದು ಯೀ ನದಿಯ ಕಲ್ಲಿನ ಕೆಳಗಿಂದ ಚಾಚಿದ ಎರಡು ಕಾಲು, ಒಂದು ಕಾಲುಚೀಲ ತೂತಾಗಿತ್ತು. ಕಿಟಕಿಯ ಹೊರಗೆ ಪಿಂತೋಸ್ ಸಿಗರೇಟು ಸೇದುವ ನೆವದಲ್ಲಿ ನಿಂತಿದ್ದ. ಕಡಲ ಕಡೆ ಮುಖ ಮಾಡಿಕೊಂಡಿದ್ದ, ಕಿವಿ ಮಾತ್ರ ಈ ಕಡೆ ಇತ್ತು, ಕೈ ಸಿಗರೇಟು ಪೊಟ್ಟಣದ ಹಿಂಬದಿಯಲ್ಲಿ ಏನೋ ಗೀಚುತ್ತಿತ್ತು.

"ಜಗಲಿ ಎಷ್ಟು?" ಎಂದು ನೀದಿಯಾ ಕೇಳಿದಳು.

ಕಾಲುಗಳು ಸ್ವಲ್ಪ ಅಲುಗಿದವು.

"ಮುದುಕಾ, ಎಷ್ಟು?"

"ತಡಿ," ಎಂದಿತು ದನಿ, ಚಿಮಣಿಯೊಳಗೆ ಮೊಳಗಿ ದೊಡ್ಡದಾಗಿ, "ಇನ್ನೊಂದ್ಸಲ ಅಳೀತೀನಿ."